ನೀಲಾಗೆ ಕೇಳಿದ ಲೆಕ್ಕಗಳು

ಎರಡು ವಾರದ ಹಿಂದಿನ ಒಂದು ಸೋಮವಾರ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಇಮಾಮಸಾಹೇಬರು ಹಳೆಯ ವಾರಪತ್ರಿಕೆಯ ಒಂದು ಹಾಳೆ ಹಿಡಿದುಕೊಂಡು ಬಂದರು. ಅವರು ನನ್ನ ಎದುರು ಮೇಜಿನ ಕಾರಕೂನರು. ಅವರ ಹಿರಿಯ ಮಗ ಈ ವರ್ಷ ಮ್ಯಾಟ್ರಿಕ್‌ಗೆ ಕೂಡುತ್ತಾನೆ. ಹಾಳೆಯಲ್ಲಿ ‘ಪರೀಕ್ಷೆಗೆ ಕೂಡುವವರಿಗೆ ಹತ್ತು ಪ್ರಶ್ನೆ’ ಎಂದು ಒಂದು ಭಾಗವಿತ್ತು. ಮಗನಿಗೆ ಕೇಳುವ ಮೊದಲು ನಮ್ಮ ಮೇಲೆ ಪ್ರಯೋಗ ಮಾಡುವ ವಿಚಾರ ಅವರದು.

“ಒಂದು ಅಂಗಳದ ಉದ್ದ ಅಗಲಕ್ಕಿಂತ ಏಳು ಗಜ ಹೆಚ್ಚು. ಮೂಲಿಯಿಂದ ಎದುರು ಮೂಲಿಗೆ ಅಳದರ ಹದಿಮೂರು ಗಜ. ಅಗಲ ಎಷ್ಟು? ಹೇಳ್ರಿ ನೋಡೋಣು, ಒಬ್ಬರರ ಹೇಳ್ರಿ!”

ಒಬ್ಬರು ಕಾಗದ ಬೇಕೆಂದರು. ಇನ್ನೊಬ್ಬರು, “ಮೊದಲ ಉಣ್ಣೂಣು ನಡೀರಿ. ಅಂಗಳ ಎಲ್ಲಿಗೂ ಓಡಿ ಹೋಗೂದಿಲ್ಲ,” ಎಂದರು. ಇಮಾಮಸಾಹೇಬರು ಓದಿ ಮುಗಿಸುವ ಮೊದಲೇ ನನ್ನ ನಾಲಿಗೆಯ ತುದಿಗೆ ‘ಐದು’ ಬಂದು ಕೂತಿತ್ತು. ಅದರ ಮೇಲೆ ಒಂದು ತುತ್ತು ರೊಟ್ಟಿ ತುರುಕಿ ನುಂಗಿಬಿಟ್ಟೆ.

“ಏನ್ರಿ ಅಣ್ಣಾರ, ನೀವ್ಯಾಕ ಸುಮ್ಮನ ಕೂತೀರಿ? ಲೆಕ್ಕದಾಗ ಭಾಳ ಶ್ಯಾಣ್ಯಾರು ಅಂತ ಕೇಳಿದ್ದೆ.”

“ಮೂರು ಸಲ ನಾಪಾಸ ಆದಾವನ ಶ್ಯಾಣ್ಯಾತನ ಏನ ಕೇಳ್ತೀರಿ, ಸಾಹೇಬರ,” ಎಂದೆ. ಎಲ್ಲರೂ ನಕ್ಕರು. ಊಟ ಸಾಗಿತು. ನಾನು ಮಾತ್ರ ಉಳಿದ ಬುತ್ತಿ ಕಟ್ಟಿಟ್ಟೆ.

ಮ್ಯಾಟ್ರಿಕ್‌ನಲ್ಲಿ ಮೂರು ಸಲ ನಾಪಾಸಾದದ್ದು ಸುಳ್ಳಲ್ಲ. ಮೂರೂ ಸಲ ಲೆಕ್ಕದಲ್ಲಿಯೇ. ಅದರ ಕಾರಣವನ್ನು ನಾನು ಬಹಳ ದಿನ ಯೋಚಿಸಿ ಕಂಡುಹಿಡಿದಿದ್ದೆ. ಪಾಸಾಗುವವರಿಗೆ ಅಷ್ಟೊಂದು ಯೋಚಿಸುವ ಪ್ರಸಂಗ ಬರುವುದಿಲ್ಲ, ನೋಡಿ. ತ್ರೈರಾಶಿಯ ಪಾಠ ನಡೆದಾಗ ತ್ರೈರಾಶಿಯ ಲೆಕ್ಕ ಬಿಡಿಸುತ್ತಿದ್ದೆ, ತ್ರಿಕೋನದ ಪಾಠ ನಡೆದಾಗ ತ್ರಿಕೋನದ್ದು. ಒಂದೂ ತಪ್ಪುತ್ತಿರಲಿಲ್ಲ. ಆದರೆ ಪುಸ್ತಕದ ಕೊನೆಗೆ ‘ಮಿಶ್ರ ಲೆಕ್ಕಗಳು’ ಎಂದು ಕೆಲವು ಪುಟಗಳಿರುತ್ತವಲ್ಲ, ಅಲ್ಲಿಗೆ ಬಂದರೆ ದಿಕ್ಕು ತಪ್ಪುತ್ತಿತ್ತು. ಯಾವ ಲೆಕ್ಕ ಯಾವ ಪಾಠದ್ದೆಂದು ಅಲ್ಲಿ ಯಾರೂ ಬರೆದಿರುವುದಿಲ್ಲ. ಪರೀಕ್ಷೆಯೆಂದರೆ ಪೂರ್ತಿ ಅಂಥದೇ ಪುಟ. ಕೊನೆಗೆ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಬಲದ ಮೇಲೆ ರೈಲ್ವೆಯಲ್ಲಿ ಕಾರಕೂನನಾದೆ. ನನ್ನ ಸಿದ್ಧಾಂತ ಮಾತ್ರ ನನ್ನಲ್ಲಿಯೇ ಉಳಿದಿತ್ತು. ಅದನ್ನು ಯಾರ ಮೇಲಾದರೂ ನಡೆಸಬೇಕಿತ್ತು.

ನೀಲಾ ನನ್ನ ತಂಗಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಮಾಳಮಡ್ಡಿಯಲ್ಲಿ, ಸ್ಟೇಷನ್ನಿಗೆ ಹತ್ತಿರ ಆಗುತ್ತದೆಂದು ಹಿಡಿದ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ಅವ್ವ, ನಾನು, ನೀಲಾ ಮೂವರೇ ಇದ್ದೆವು. ನಾನು ದಿನಾ ಬೆಳಗಿನ ಗಾಡಿಗೆ ಹುಬ್ಬಳ್ಳಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದೆ. ಹುಡುಗಿ ಮ್ಯಾಟ್ರಿಕ್ ಓದುವುದು ನಮ್ಮ ಓಣಿಗೆ ಹೊಸದು. ಬಂಧುಗಳು ಅವ್ವನ ಮುಂದೆ ಒಂದಿಷ್ಟು ಮಾತಾಡಿದರು. ಅವರೆಲ್ಲರ ಬಾಯಿ ಮುಚ್ಚಿಸಿದವನು ನಾನೇ. ಆಗ ನನ್ನನ್ನು ನಾನು ಬಹಳ ದೊಡ್ಡ ಸುಧಾರಕನೆಂದು ತಿಳಿದಿದ್ದೆ. ಈಗ ಅನಿಸುತ್ತದೆ, ನನಗೆ ಬೇಕಾದದ್ದು ನನ್ನ ನಾಲ್ಕನೆಯ ಪರೀಕ್ಷೆ. ಅದನ್ನು ಆಕೆಯ ಕೈಯಿಂದ ಬರೆಸುವವನಿದ್ದೆ.

ನನ್ನ ಪದ್ಧತಿ ಹೀಗಿತ್ತು. ಲೆಕ್ಕವನ್ನು ಕೂತು ಕೇಳುವುದಿಲ್ಲ, ಮೊದಲೇ ಹೇಳಿ ಕೇಳುವುದೂ ಇಲ್ಲ. ಆಕೆ ನೀರು ಸೇದುತ್ತಿರಲಿ, ರೊಟ್ಟಿ ಬಡಿಯುತ್ತಿರಲಿ, ಜಡೆ ಹಾಕಿಕೊಳ್ಳುತ್ತಿರಲಿ, ಎಲ್ಲಿಂದಲೋ ಒಂದು ಲೆಕ್ಕ ಒಗೆಯಬೇಕು. ಮೊದಲು ಹದಿನೇಳರ ಮಗ್ಗಿ, ಅದರ ಬೆನ್ನಿಗೆ ಒಂದು ವೃತ್ತ, ಅದರ ಬೆನ್ನಿಗೆ ಕೂಲಿಯಾಳುಗಳು ಗೋಡೆ ಕಟ್ಟುವ ಲೆಕ್ಕ. ಒಂದೇ ಸಲ ಕೇಳುವುದು. ಉತ್ತರ ಥಟ್ಟನೆ ಬರಬೇಕು.

ಉತ್ತರವೇನೋ ಥಟ್ಟನೆ ಬರುತ್ತಿತ್ತು. ಆದರೆ ಆಕೆ ಎಂದೂ ಬರೀ ಉತ್ತರ ಕೊಟ್ಟವಳಲ್ಲ. ಉತ್ತರದ ಬಾಲಕ್ಕೆ ಒಂದು ಮಾತು ಇದ್ದೇ ಇರುತ್ತಿತ್ತು.

“ಹುಬ್ಬಳ್ಳಿಯಿಂದ ಒಂದು ಗಾಡಿ, ಗದಗಿನಿಂದ ಒಂದು ಗಾಡಿ ಏಳು ಗಂಟೆಕ್ಕ ಸರಿಯಾಗಿ ಹೊಂಡತಾವ,” ಎಂದು ನಾನು ಶುರುಮಾಡಿದರೆ, “ನಿಮ್ಮ ಗಾಡಿ ಹೊತ್ತಿಗೆ ಸರಿಯಾಗಿ ಹೊಂಟರ ಲೆಕ್ಕಾನ ತಪ್ಪು, ಅಣ್ಣಾ. ಬ್ಯಾರೆ ಕೇಳು,” ಎನ್ನುತ್ತಿದ್ದಳು.

ಗೋಡೆಯ ಲೆಕ್ಕಕ್ಕೆ ಅವ್ವ ಒಲೆಯ ಮುಂದಿನಿಂದಲೇ ಸೇರಿಕೊಳ್ಳುತ್ತಿದ್ದಳು. ಹನ್ನೆರಡು ಆಳು ಎಂಟು ದಿನದಲ್ಲಿ ಕಟ್ಟುವ ಗೋಡೆಯನ್ನು ಹದಿನಾರು ಆಳು ಆರೇ ದಿನದಲ್ಲಿ ಕಟ್ಟುತ್ತಾರೆಂಬುದನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲ. “ಹದಿನಾರು ಮಂದಿ ಕೂಡಿದರ ಎಲಿ ಅಡಕಿ ಹಾಕ್ಕೋತ ಮಾತಾಡ್ಕೋತ ಕೂಡ್ತಾರ. ಹನ್ನೆರಡು ದಿನ ಹಿಡೀತೈತಿ ತೊಗೊ,” ಎನ್ನುತ್ತಿದ್ದಳು. ನೀಲಾ ನಕ್ಕು ಹಿಟ್ಟಿನ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದಳು.

ಒಂದು ದಿನ ವಯಸ್ಸಿನ ಲೆಕ್ಕ ಕೇಳಿದೆ. ಪುಸ್ತಕದ್ದಲ್ಲ, ನಾನೇ ಮಾಡಿದ್ದು. “ನಾ ನಿನಗಿಂತ ಒಂಬತ್ತು ವರ್ಷ ದೊಡ್ಡಾವ. ನಿನ್ನ ವಯಸ್ಸು ನನ್ನ ವಯಸ್ಸಿನ ಮುಕ್ಕಾಲು ಯಾವಾಗ ಆಕೈತಿ?”

“ನನಗ ಇಪ್ಪತ್ತೇಳು, ನಿನಗ ಮೂವತ್ತಾರು. ಅಷ್ಟೊತ್ತಿಗೆ ನಿನ್ನ ತಲಿಮ್ಯಾಲ ಕೂದಲ ಇರೂದಿಲ್ಲ.”

ಈಗ ನನಗೆ ಮೂವತ್ತಾರು. ಕೂದಲು ಇದೆ.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ಆಕೆಗೆ ಜ್ವರ ಬಂತು. ಮೊದಲು ಬರೀ ತಲೆನೋವು, ಸಂಜೆಗೆ ಮೈ ಬೆಚ್ಚಗೆ. ಎರಡು ದಿನ, ಓದಿ ದಣಿದಿದ್ದಾಳೆ ಎಂದುಕೊಂಡೆವು. ಮೂರನೆಯ ದಿನ ಬೆಳಿಗ್ಗೆ ಅವ್ವ, “ಮೈ ಕೆಂಡ ಆಗೈತೋ. ಡಾಕ್ಟರರನ್ನ ಕರಕೊಂಡು ಬಾ,” ಎಂದಳು. ನನ್ನ ಗಾಡಿಗೆ ಇನ್ನು ಅರ್ಧ ಗಂಟೆಯಿತ್ತು. ಆಕೆಯ ಹಾಸಿಗೆಯ ಪಕ್ಕ ಕೂತು ಕೇಳಿದೆ:

“ಹದಿನೇಳ ಹದಿನೇಳಲೆ?”

“ಇನ್ನೂರಾ ಎಂಬತ್ತೊಂಬತ್ತು.”

“ಹದಿನೈದು ಆಳು ಎಂಟು ದಿನದಾಗ ಮಾಡೂ ಕೆಲಸಾನ ಹತ್ತ ಆಳು?”

“ಹನ್ನೆರಡು ದಿನ.”

ಕಣ್ಣು ಮುಚ್ಚಿಕೊಂಡೇ ಹೇಳಿದಳು. ನಾನು ಎದ್ದು ಅಂಗಿ ಹಾಕಿಕೊಂಡೆ. “ತಲಿ ಸ್ವಚ್ಛ ಐತಿ, ಅವ್ವಾ. ಜ್ವರ ತಲಿಗೆ ಏರಿದ್ದರ ಲೆಕ್ಕ ಬರತಿತ್ತೇನು? ಪರೀಕ್ಷಾ ಹತ್ತಿರ ಬಂದೈತಿ, ಗಂಜಿ ಕುಡಿಸಿ ಮಲಗಿಸಬ್ಯಾಡ. ಗಟ್ಟಿ ಊಟ ಹಾಕು,” ಎಂದು ಹೇಳಿ ಹೊರಟೆ. ಮನೆಯಲ್ಲಿ ಓದಿದವನು ನಾನು. ಅವ್ವ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಚೂರು ಮಾಡಿ ಉಣಿಸಿದಳು. ನಾಲ್ಕನೆಯ ದಿನವೂ ಹೀಗೆಯೇ ಆಯಿತು, ಐದನೆಯ ದಿನವೂ. ದಿನಾ ಎರಡು ಹೊತ್ತು ನಾನು ಲೆಕ್ಕ ಕೇಳಿ ಜ್ವರ ಅಳೆಯುತ್ತಿದ್ದೆ. ಆಕೆ ಒಂದನ್ನೂ ತಪ್ಪು ಹೇಳಲಿಲ್ಲ. ಆಫೀಸಿನಲ್ಲಿ ಹೇಳಿಕೊಂಡೆ ಕೂಡ: “ನಮ್ಮ ತಂಗಿ, ಜ್ವರದಾಗೂ ಒಂದು ಲೆಕ್ಕ ತಪ್ಪೂದಿಲ್ರಿ.”

ಆ ಐದು ದಿನ ಉತ್ತರದ ಬಾಲಕ್ಕೆ ಮಾತು ಬರುವುದು ನಿಂತುಹೋಗಿತ್ತು. ಗೋಡೆಯ ಲೆಕ್ಕಕ್ಕೆ ನಗು ಬರಲಿಲ್ಲ, ಗಾಡಿಯ ಲೆಕ್ಕಕ್ಕೆ ಕುಚೋದ್ಯ ಬರಲಿಲ್ಲ. ಬರೀ ಉತ್ತರ ಬಂತು. ನನಗೆ ಅದು ತಿಳಿಯಲಿಲ್ಲ. ಇನ್ನೂ ಖರೆ ಹೇಳಬೇಕೆಂದರೆ, ತಿಳಿದಿತ್ತು, ಮತ್ತು ಸಂತೋಷವಾಗಿತ್ತು. ಹುಡುಗಿ ಕಡೆಗೂ ಗಂಭೀರಳಾದಳು, ಪರೀಕ್ಷೆಯ ಭಯ ಹತ್ತಿತು ಎಂದುಕೊಂಡೆ.

ಎಂಟನೆಯ ದಿನ ಅವ್ವ ನನಗೆ ಹೇಳದೆ ತಾನೇ ಹೋಗಿ ಡಾಕ್ಟರರನ್ನು ಕರೆತಂದಳು. ರವಿವಾರ, ನಾನು ಮನೆಯಲ್ಲಿಯೇ ಇದ್ದೆ. ಅವರು ನಾಡಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಆಮೇಲೆ ನನ್ನತ್ತ ಕೈ ಮಾಡಿ ಆಕೆಯನ್ನು ಕೇಳಿದರು: “ಇವರ್ಯಾರವಾ, ತಂಗಿ?”

ನೀಲಾ ನನ್ನನ್ನು ಬಹಳ ಹೊತ್ತು ನೋಡಿದಳು.

“ಪರೀಕ್ಷಾ ತೊಗೊಳ್ಳಾವ್ರು,” ಎಂದಳು.

ಡಾಕ್ಟರರು ನನ್ನನ್ನು ಹೊರಗೆ ಕರೆದರು. “ವಿಷಮಜ್ವರ. ನಾಕೈದು ದಿನದಿಂದ ಈ ಹುಡುಗಿಗೆ ಖಬರಿಲ್ಲ, ಮೈಮ್ಯಾಲ ಎಚ್ಚರಿಲ್ಲ. ಗಟ್ಟಿ ಊಟ ಯಾರು ಹಾಕಂದ್ರು? ಕರಳು ಹುಣ್ಣಾಗಿರತಾವ, ಗೊತ್ತಿಲ್ಲೇನು?”

ನಾನು ವಾದ ಮಾಡಿದೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ. “ಇಲ್ರಿ ಡಾಕ್ಟರ, ನಿನ್ನಿ ಸಂಜಿಕೂ ಲೆಕ್ಕ ಬರೋಬ್ಬರಿ ಹೇಳ್ಯಾಳ.”

“ಬಾಯಿಪಾಠ ಎಲ್ಲಾಕ್ಕಿಂತ ಕಡೀಕ ಹೋಗತೈತಿ, ತಮ್ಮಾ. ಅದಕ್ಕ ಮನಿಷ್ಯಾ ಬೇಕಾಗಿಲ್ಲ.”

ಮುಂದೆ ಹನ್ನೆರಡು ದಿನ ಬದುಕಿದ್ದಳು. ಅದನ್ನು ಬರೆಯಲಾರೆ. ಒಂದು ಮಧ್ಯಾಹ್ನ, ಓಣಿಯ ಹುಡುಗಿಯರು ಸಾಲಿಗೆ ಹೋಗಿದ್ದ ಹೊತ್ತಿನಲ್ಲಿ ಹೋದಳು. ಪರೀಕ್ಷೆಗೆ ಇನ್ನೂ ಹತ್ತು ದಿನ ಉಳಿದಿತ್ತು.

ಅವ್ವ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಆಮೇಲೆ ಮೂರು ವರ್ಷ ಬದುಕಿದ್ದಳು, ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಒಂದೇ ಸಲ, ನಾನು ಉಣ್ಣುತ್ತ ಕೂತಾಗ, ತವೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: “ಎಷ್ಟ ಕೇಳಿದೆಪಾ ನೀ ಆಕಿನ್ನ. ನೀರು ಬೇಕೇನವಾ ಅಂತ ಒಂದು ಕೇಳಲಿಲ್ಲ.”

ಡಾಕ್ಟರರ ಮಾತನ್ನು ನಾನು ಪೂರ್ತಿ ನಂಬಿದ್ದಿಲ್ಲ. ನಂಬಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಂಟನೆಯ ದಿನ ಆಕೆಗೆ ನನ್ನ ಗುರುತು ಸಿಗಲಿಲ್ಲ, ಒಪ್ಪಿದೆ. ಆದರೆ ಅದರ ಹಿಂದಿನ ದಿನಗಳಲ್ಲಿ, ಕಣ್ಣು ಮುಚ್ಚಿಕೊಂಡಿದ್ದರೂ ಆಕೆ ನನ್ನ ದನಿಗೆ ಓಗೊಡುತ್ತಿದ್ದಳು, ಅಣ್ಣ ಕೇಳುತ್ತಿದ್ದಾನೆಂದು ತಿಳಿದೇ ಹೇಳುತ್ತಿದ್ದಳು ಎಂದು ಹಿಡಿದುಕೊಂಡಿದ್ದೆ. ‘ಹನ್ನೆರಡು ದಿನ’ ಎಂದ ಆ ಸಣ್ಣ ದನಿಯನ್ನು ನನ್ನ ಜೊತೆ ಆಡಿದ ಮಾತೆಂದು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದೆ.

ಇಮಾಮಸಾಹೇಬರು ಹಾಳೆ ತಂದ ಆ ಸೋಮವಾರ ಕಳೆದು ಮೂರನೆಯ ದಿನ ನನಗೆ ಚಳಿಜ್ವರ ಬಂತು. ಈ ಕಡೆ ಯಾರಿಗೆ ಬರುವುದಿಲ್ಲ! ಒಂದು ವಾರ ಮಲಗಿ ಎದ್ದೆ. ಈಗ ನಾವಿರುವುದು ಧಾರವಾಡದ ಸಪ್ತಾಪುರದಲ್ಲಿ. ನನ್ನ ಹೆಂಡತಿ ಪಾರ್ವತಿ ಈ ಮನೆಗೆ ಬಂದದ್ದು ಅವ್ವನೂ ತೀರಿಕೊಂಡ ಮೇಲೆ. ನನಗೊಬ್ಬ ತಂಗಿ ಇದ್ದಳು, ಜ್ವರದಲ್ಲಿ ಹೋದಳು, ಇಷ್ಟೇ ಆಕೆಗೆ ಗೊತ್ತಿದ್ದದ್ದು. ಮೊನ್ನೆ ಬೆಳಿಗ್ಗೆ ನಾನು ಗೋಡೆಗೆ ಆತು ಕೂತಿದ್ದೆ. ಆಕೆ ಗಂಜಿ ತಂದಿಟ್ಟು ಎದುರು ಕೂತಳು.

“ಶನಿವಾರ ಮಧ್ಯಾಹ್ನ ನಾ ಭಾಳ ಅಂಜಿದ್ದೆ ನೋಡ್ರಿ. ಏನೇನೋ ಬಡಬಡಿಸಾಕತ್ತಿದ್ರಿ. ಡಾಕ್ಟರರ ಮನಿಗೆ ಹೋಗಬೇಕಂತ ಸೆರಗ ಹೊದ್ದು ನಿಂತಿದ್ದೆ. ಆಮ್ಯಾಲ ಒಂದು ವಿಚಾರ ಹೊಳೀತು. ಲೆಕ್ಕದ ಮನಿಷ್ಯಾ, ಒಂದು ಲೆಕ್ಕ ಕೇಳಿ ನೋಡಿದರ ಆತು, ಖಬರ ಐತೋ ಇಲ್ಲೋ ಗೊತ್ತಾಕೈತಿ ಅಂತ.”

“ಏನು ಕೇಳಿದಿ?”

“ನನಗೇನ ಬರತೈತಿ? ಹನ್ನೆರಡ ಹನ್ನೆರಡ್ಲೆ ಎಷ್ಟ್ರಿ ಅಂದೆ. ನೂರಾ ನಲವತ್ನಾಕು ಅಂದ್ರಿ, ಟಕ್ಕನ. ಮನಸಿಗೆ ಸಮಾಧಾನ ಆತು. ಸೆರಗ ತಗದು ಕೂತೆ.”

ನಾನು ಆ ಶನಿವಾರವನ್ನು ಹುಡುಕಿದೆ. ಸಿಗಲಿಲ್ಲ. ಆಕೆಯ ಮುಖ, ಆಕೆಯ ಪ್ರಶ್ನೆ, ನನ್ನ ಉತ್ತರ, ಏನೂ ಇಲ್ಲ. ಶುಕ್ರವಾರ ರಾತ್ರಿ ಹೊದ್ದುಕೊಂಡದ್ದು ನೆನಪಿದೆ, ರವಿವಾರ ಕಿಟಕಿಯ ಬಿಸಿಲು ನೆನಪಿದೆ. ನಡುವೆ ನನ್ನ ಬಾಯಿ ಒಂದೇ ಇತ್ತು, ನಾನಿರಲಿಲ್ಲ.

“ಯಾಕ್ರಿ, ತಪ್ಪ ಹೇಳಿದ್ರೇನು?” ಎಂದಳು ಪಾರ್ವತಿ.

“ಇಲ್ಲ. ಬರೋಬ್ಬರಿ ಐತಿ.”

ಆಮೇಲೆ ಆಕೆಗೆ ಎಲ್ಲವನ್ನೂ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ತಡೆಯುವ ಶಕ್ತಿ ಇರಲಿಲ್ಲ. ಗಂಜಿ ಆರಿ ಮೇಲೆ ಕೆನೆ ಕಟ್ಟಿತು. ಕೊನೆಗೆ ಪಾರ್ವತಿ ಮೆಲ್ಲಗೆ ಒಂದೇ ಮಾತು ಕೇಳಿದಳು: “ಹಂಗಾರ ಆಕಿ ಖಬರ ಇದ್ದು ನಿಮ್ಮ ಕೂಡ ಕಡೀಕ ಮಾತಾಡಿದ್ದು ಯಾವಾಗ್ರಿ?”

ಒಂದೊಂದೇ ದಿನ ಹಿಂದಕ್ಕೆ ಹೋದೆ. ಉತ್ತರಗಳನ್ನೆಲ್ಲ ಬಿಟ್ಟು ಹೋದೆ. ಏಳು, ಆರು, ಐದು, ನಾಲ್ಕು, ಮೂರು, ಎಲ್ಲ ದಿನವೂ ಬರೀ ಉತ್ತರ. ಜ್ವರದ ಎರಡನೆಯ ದಿನ ಸಂಜೆ, ನಾನು ಸ್ಟೇಷನ್ನಿನಿಂದ ಬಂದು ಟೊಪ್ಪಿಗೆ ತೆಗೆಯುವಷ್ಟರಲ್ಲಿ ಆಕೆ ಹಾಸಿಗೆಯಿಂದ ಕೈ ಚಾಚಿ ನನ್ನ ಧೋತರದ ಅಂಚು ಹಿಡಿದಿದ್ದಳು.

“ಅಣ್ಣಾ, ಇವತ್ತ ಬ್ಯಾಡೋ. ಸುಮ್ಮನ ಬಾಜೂಕ ಕೂಡು.”

“ಒಂದ ಲೆಕ್ಕ,” ಎಂದಿದ್ದೆ ನಾನು.