ನನ್ನಣ್ಣ ಕುಡಿದಿರಲಿಲ್ಲ

ಮಗಳ ಮದುವೆಯ ಜವಳಿ ತೆಗೆಯಲು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋದ ದಿನ ನಾನು ನನ್ನ ಅಣ್ಣನನ್ನು ಕುಡುಕ ಎಂದೆ. ಬೀಗರ ಎದುರಿಗೆ, ಅಂಗಡಿ ತುಂಬ ಜನರಿದ್ದಾಗ ಎಂದೆ. ಅಣ್ಣ ಜನ್ಮದಲ್ಲಿ ಸೆರೆ ಮುಟ್ಟಿದವನಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ಇದನ್ನು ಬಾಯಿಂದ ಹೇಳುವಾಗೆಲ್ಲ ನನ್ನ ತಪ್ಪನ್ನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಅಣ್ಣ ಕಮಲಾಪುರದಲ್ಲಿ ಅವ್ವನ ಜೊತೆ ಇರುತ್ತಾನೆ. ಬಾಳೆ ತೋಟದಲ್ಲಿ ಕೆಲಸ. ಮದುವೆಯಾಗಿಲ್ಲ. ಗದ್ದಲ, ಕಣ್ಣು ಕುಕ್ಕುವ ಬೆಳಕು, ಮೈಗೆ ತಾಗುವ ಜನ ಸಣ್ಣವನಿದ್ದಾಗಿನಿಂದ ಅವನಿಗೆ ಆಗುವುದಿಲ್ಲ. ತಡೆಯುವಷ್ಟು ತಡೆಯುತ್ತಾನೆ. ಆಮೇಲೆ ಚೀರುತ್ತಾನೆ, ತಲೆ ಬಡಿದುಕೊಳ್ಳುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಮುಗಿದ ಮೇಲೆ ಏನು ನಡೆಯಿತೆಂದು ಅರ್ಧ ನೆನಪಿರುವುದಿಲ್ಲ. ಊರಲ್ಲಿ ಕೆಲವರು ಹಟ ಎಂದರು, ಕೆಲವರು ಗಾಳಿ ಸೋಕಿದೆ ಎಂದರು. ಅವನಿಗೆ ಮೂವತ್ತು ದಾಟಿದ ಮೇಲೆ ಕಲಬುರಗಿಯ ಜೇವರ್ಗಿ ಕಾಲೋನಿಯ ಒಬ್ಬ ಡಾಕ್ಟರಮ್ಮ ನೋಡಿ, ಇದು ಆಟಿಸಂ, ಹುಟ್ಟಿನಿಂದಲೇ ಇವರು ಹೀಗೆ, ಇದು ಹುಚ್ಚಲ್ಲ ಎಂದರು.

ಅಂದಿನಿಂದ ಅಣ್ಣ ತನಗೆ ತಾನೇ ಒಂದು ಕ್ರಮ ಮಾಡಿಕೊಂಡ. ಕಿವಿಯಲ್ಲಿ ಗುಂಯ್ ಎಂದು ಶುರುವಾದರೆ ಎದ್ದು ಹೊರಗೆ ಹೋಗಬೇಕು. ಹೋಗಲಾಗದಿದ್ದರೆ ಟವೆಲ್ಲು ತಲೆಯ ಮೇಲೆ ಹಾಕಿಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂಡಬೇಕು. ಜೊತೆಗಿದ್ದರೆ ನಾನು ಯಾರೂ ಮುಟ್ಟದಂತೆ ಅಡ್ಡ ನಿಲ್ಲಬೇಕು, ಮತ್ತು ಜನರಿಗೆ ಒಂದು ಮಾತು ಹೇಳಬೇಕು. ಆ ಮಾತನ್ನು ಅವನೇ ಕಲಿಸಿದ್ದ. "ಇವರಿಗಿ ಗದ್ದಲ ಆಗಂಗಿಲ್ರಿ. ಮುಟ್ಟಬ್ಯಾಡ್ರಿ. ಸುಮ್ಮನ ಬಿಟ್ರ ಆರಾಮ ಆಗ್ತಾರ." ಒಂದು ಶಬ್ದ ಹೆಚ್ಚುಕಡಿಮೆಯಾದರೆ, "ಹಂಗಲ್ಲ ತಂಗಿ, ಮತ್ತ ಹೇಳು" ಎನ್ನುತ್ತಿದ್ದ. ನನಗದು ಬಾಯಿಪಾಠವಾಗಿತ್ತು.

ನಮ್ಮದು ಬೌದ್ಧ ಮನೆ. ಕಮಲಾಪುರದ ನಮ್ಮ ಓಣಿಯ ವಿಹಾರದಲ್ಲಿ ಭಾನುವಾರ ವಂದನೆ ಇರುತ್ತದೆ. ಅಲ್ಲಿ ಮುಂದೆ ನಿಂತು ಪಂಚಶೀಲ ಹೇಳಿಕೊಡುವವನು ಅಣ್ಣ. ಕೊಲ್ಲುವುದಿಲ್ಲ, ಕದಿಯುವುದಿಲ್ಲ ಎಂದು ಒಂದೊಂದಾಗಿ ಹೇಳುತ್ತಾನೆ, ಕೂತವರು ಅವನ ಹಿಂದಿನಿಂದ ಹೇಳುತ್ತಾರೆ. ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂದು, ಐದನೆಯದು ಅಮಲು ಮುಟ್ಟುವುದಿಲ್ಲ ಎಂದು. ಊರಲ್ಲಿ ಅವನ ಬಗ್ಗೆ ನಗದೆ ಮಾತಾಡುತ್ತಿದ್ದುದು ಆ ಒಂದು ವಿಷಯದಲ್ಲಿ.

ಮದುಮಗಳಿಗೆ ಸೋದರಮಾವ ಸೀರೆ ಕೊಡಬೇಕು. ಅದನ್ನು ತಾನೇ ಬಂದು ಆರಿಸುತ್ತೇನೆಂದು ಅಣ್ಣ ಹಟ ಹಿಡಿದು ಬಂದ. ಅಂಗಡಿಯಲ್ಲಿ ನಾನು, ಮಗಳು, ಅಣ್ಣ, ಬೀಗರ ಕಡೆಯವರು ಗಾದಿಯ ಮೇಲೆ ಕೂತೆವು. ಚಹಾ ಕೊಟ್ಟರು. ಮದುವೆ ಸೀಜನ್ನು, ಕಾಲಿಡಲು ಜಾಗವಿಲ್ಲ. ಸೇಲ್ಸ್‌ಮನ್ನು ಒಂದರ ಮೇಲೊಂದು ಸೀರೆ ಬಿಚ್ಚಿ ಬಿಚ್ಚಿ ನಮ್ಮ ತೊಡೆಯ ಮೇಲೇ ಎಸೆಯುತ್ತಿದ್ದ. ಹೊರಗೆ ಆಟೋಗಳ ಹಾರ್ನು. ಅಣ್ಣ ನನ್ನ ಸೆರಗು ಜಗ್ಗಿ, "ಹೊರಗ ಹೋಗೂಣು" ಎಂದ.

"ಒಂದೀಟು ತಡಿ ಅಣ್ಣಾ," ಎಂದೆ. ಬೀಗತಿ ಒಂದು ಸೀರೆಯ ಅಂಚು ತೋರಿಸಿ ಹೇಗಿದೆ ಎಂದು ಕೇಳುತ್ತಿದ್ದರು. ಆಗ ಎದ್ದರೆ ಏನು ತಿಳಿದುಕೊಂಡಾರೋ ಎಂದು ಕೂತೆ. ಅಣ್ಣ ಮತ್ತೆ ಜಗ್ಗಿದ. ನಾನು ಸೆರಗು ಬಿಡಿಸಿಕೊಂಡೆ.

ಅಣ್ಣ ಚೀರಿದ. ಎರಡೂ ಕೈಯಿಂದ ತಲೆ ಬಡಿದುಕೊಳ್ಳುತ್ತ ಸೀರೆಗಳ ರಾಶಿಯನ್ನು ಒದ್ದ. ಚಹಾದ ಕಪ್ಪು ಉರುಳಿತು. ಸೇಲ್ಸ್‌ಮನ್ನು ಬಂದು ಹಿಂದಿನಿಂದ ಅವನ ತೋಳು ಹಿಡಿದ. ಹಿಡಿದದ್ದಕ್ಕೆ ಇನ್ನೂ ಜೋರಾಯಿತು. ಇಡೀ ಅಂಗಡಿ ನಮ್ಮ ಕಡೆ ತಿರುಗಿತು.

"ಏನಾಗ್ಯದ್ರಿ ಇವರಿಗಿ?" ಎಂದು ಬೀಗತಿ ಕೇಳಿದರು.

ನನ್ನ ಬಾಯಲ್ಲಿ ಆ ಮಾತು ಸಿದ್ಧವಿತ್ತು. ಮರೆತಿರಲಿಲ್ಲ. ಆದರೆ ಹೇಳಿದರೆ ಹುಚ್ಚು ಎಂದುಕೊಳ್ಳುತ್ತಾರೆ, ಹುಚ್ಚು ವಂಶದಲ್ಲಿದೆ ಎನ್ನುತ್ತಾರೆ, ಮಗಳ ಸಂಬಂಧ ಅಲ್ಲೇ ಮುರಿಯುತ್ತದೆ ಎಂದು ಲೆಕ್ಕ ಹಾಕಿದೆ. ಗಾಬರಿಯಲ್ಲಿ ಬಾಯಿ ತಪ್ಪಿತು ಎಂದು ಜನರಿಗೆ ಹೇಳಿದ್ದೇನೆ. ಅದು ನಿಜವಲ್ಲ. ಯೋಚಿಸಿಯೇ ಹೇಳಿದೆ.

"ಕುಡದಾನ್ರಿ," ಎಂದೆ.

ಬೀಗತಿಯ ಮುಖ ಸಡಿಲಾಯಿತು. "ಅಯ್ಯ, ಅಷ್ಟೇ ಏನ್ರಿ? ನಾ ಏನೋ ಅಂತ ಅಂಜಿದ್ದೆ. ನಮ್ಮ ಮೈದುನನೂ ಹಂಗೇ. ಮದಿವಿ ಅಂದ್ರ ಮದುಮಗನಕಿಂತ ಮೊದಲ ಅವನೇ ತಯಾರ," ಎಂದರು. ಪಕ್ಕದವರು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅಣ್ಣ ತೋಳು ಬಿಡಿಸಿಕೊಂಡು ಗೋಡೆಯ ಬುಡ ಸೇರಿ ಟವೆಲ್ಲಿನೊಳಗೆ ನಡುಗುತ್ತಿದ್ದ. ಅಡ್ಡ ನಿಂತವಳು ನನ್ನ ಮಗಳು, ನಾನಲ್ಲ.

ಬೀಗರ ಕಡೆಯ ಒಬ್ಬಾಕೆಯ ತವರು ಕಮಲಾಪುರ. ಸುದ್ದಿ ಅಣ್ಣನಿಗಿಂತ ಮೊದಲೇ ಊರು ಮುಟ್ಟಿತು. ವಿಹಾರದ ಹಿರಿಯರು ಅಣ್ಣನನ್ನು ಕರೆದು, "ತಮ್ಮಾ, ಶೀಲ ಹೇಳಿಕೊಡೋರ ಮ್ಯಾಲ ಇಂಥ ಮಾತು ಬರಬಾರ್ದು. ಸ್ವಲ್ಪ ದಿನ ಹಿಂದ ಕೂಡು," ಎಂದರಂತೆ. ಅಣ್ಣ ವಾದ ಮಾಡಲಿಲ್ಲ. ಹೋಗಿ ಹಿಂದೆ ಕೂತ.

ಮದುವೆಗೆ ಕರೆಯಲು ನಾನು ಕಮಲಾಪುರಕ್ಕೆ ಹೋದಾಗ ಅವನು ನನಗಾಗಿಯೇ ಕಾಯುತ್ತಿದ್ದ.

"ಅವತ್ತ ನಾ ಏನ ಕುಡದೆ?" ಎಂದು ಕೇಳಿದ. "ನನಗ ನೆನಪಿಲ್ಲ. ಚಾದಾಗ ಯಾರರ ಏನರ ಹಾಕಿದ್ರೇನು?"

ಅವನು ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ನನ್ನನ್ನು ನಂಬಿದ್ದ. ತಂಗಿ ಹೇಳಿದ್ದಾಳೆಂದರೆ ಕುಡಿದೇ ಇರಬೇಕು, ನೆನಪಿಲ್ಲದಿರುವುದು ತನ್ನ ತಲೆಯ ತಪ್ಪು ಎಂದುಕೊಂಡಿದ್ದ. ಹೊರಗೆ ಯಾರು ಏನು ಕೊಟ್ಟರೂ ಕುಡಿಯುವುದನ್ನು ಬಿಟ್ಟಿದ್ದಾನೆ, ತೋಟದಲ್ಲಿ ನೀರು ಕೂಡ ಮುಟ್ಟುವುದಿಲ್ಲ, ಬಾಯಿ ಒಣಗಿಸಿಕೊಂಡು ಮನೆಗೆ ಬರುತ್ತಾನೆ ಎಂದು ಅವ್ವ ಹೇಳಿದಳು.

ಆಗಲಾದರೂ ಹೇಳಬಹುದಿತ್ತು. ಆದರೆ ಮದುವೆ ಇನ್ನೂ ಆಗಿರಲಿಲ್ಲ. "ಬಿಡಣ್ಣ, ಆಗಿದ್ದು ಆತು," ಎಂದೆ.

ಅವನು ಮದುವೆಗೆ ಬರಲಿಲ್ಲ. "ಮತ್ತ ಗೊತ್ತಿಲ್ದಂಗ ಕುಡದ್ರ?" ಎಂದನಂತೆ. ಸೋದರಮಾವನ ಸೀರೆಯನ್ನು ಅವ್ವನ ಕೈಯಲ್ಲಿ ಕಳಿಸಿದ.

ಮಗಳು ಗಂಡನ ಮನೆಗೆ ಹೋದ ಮೇಲೆ ಕಮಲಾಪುರಕ್ಕೆ ಹೋಗಿ ಅವನೆದುರು ಕೂತೆ. "ಅಣ್ಣಾ, ನೀ ಕುಡದಿದ್ದಿಲ್ಲ. ನಾ ಸುಳ್ಳ ಹೇಳ್ದೆ."

"ಯಾಕ?"

"ಹುಚ್ಚ ಅಂದಾರು ಅಂತ."

"ಕುಡುಕ ಅಂದ್ರ ನಡೀತದೇನು?"

"ಜನರಿಗಿ ನಡೀತದಣ್ಣ."

"ನಾಕನೇದು ಮುರದಿ," ಎಂದ. ಬೈದಂತಿರಲಿಲ್ಲ. ಯಾವುದು ಮುರಿದಿದೆ ಎಂದು ಗುರುತಿಸಿದಂತಿತ್ತು.

ಭಾನುವಾರ ವಿಹಾರದಲ್ಲಿ ಎದ್ದು ನಿಂತು ಎಲ್ಲರ ಮುಂದೆ ಅದನ್ನೇ ಹೇಳಿದೆ. ಹಿರಿಯರು ಅಣ್ಣನನ್ನು ಮುಂದೆ ಕರೆದರು. ಅವನು ಕೂತಲ್ಲಿಂದ ಏಳಲಿಲ್ಲ.

"ಏಳಪ್ಪ, ನಿನ್ನ ತಂಗೀನೇ ಹೇಳಾಕತ್ತಾಳಲ್ಲ," ಎಂದಳು ಒಬ್ಬ ಮುದುಕಿ.

"ಅವತ್ತೂ ತಂಗೀನೇ ಹೇಳಿದ್ದಳು," ಎಂದ ಅಣ್ಣ. "ಯಾವ್ದು ಖರೇ?"

ಅವನು ವ್ಯಂಗ್ಯ ಆಡುವವನಲ್ಲ. ಅವನಿಗೆ ನಿಜಕ್ಕೂ ಗೊತ್ತಾಗಬೇಕಿತ್ತು, ಮತ್ತು ನನ್ನ ಮಾತಿನಿಂದ ಗೊತ್ತಾಗುವ ಹಾಗಿರಲಿಲ್ಲ. ಅಂಗಡಿಯವರನ್ನೇ ಕೇಳುತ್ತೇನೆ ಎಂದ.

ಸೂಪರ್ ಮಾರ್ಕೆಟ್ ಎಂದರೆ ಅವನಿಗೆ ಈಗಲೂ ಕೈ ಬೆವರುತ್ತದೆ. ಆದರೂ ಹೋದ. ಬೆಳಗ್ಗೆ ಶೆಟರ್ ಎತ್ತುವ ಹೊತ್ತಿಗೆ, ಗಿರಾಕಿಗಳು ಬರುವ ಮೊದಲು ಹೋಗುವುದೆಂದು ಅವನೇ ಗೊತ್ತು ಮಾಡಿದ. ಹೋಗುವ ದಾರಿಯಲ್ಲಿ ಒಮ್ಮೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಟವೆಲ್ಲು ಹೊದ್ದು ಕೂತ. ಈ ಸಲ ನಾನು ಅಡ್ಡ ನಿಂತೆ. ಉಸಿರು ಸಮವಾದ ಮೇಲೆ ಎದ್ದ.

ಅಂದು ತೋಳು ಹಿಡಿದ ಸೇಲ್ಸ್‌ಮನ್ನೇ ಕಸ ಗುಡಿಸುತ್ತಿದ್ದ. ನೋಡಿದ ಕೂಡಲೇ ಗುರುತು ಹಿಡಿದ.

"ಅವತ್ತ ನಾ ಕುಡದಿದ್ನೇನು?" ಎಂದು ಅಣ್ಣ ಕೇಳಿದ.

"ಇಲ್ಲ ಭಾಯಿ. ನಾನೇ ಹಿಡಕೊಂಡಿದ್ದೆ ನಿಮಗ. ನಿಮ್ಮ ಮಾರಿ ನನ್ನ ಮೂಗಿನ ಹತ್ರಾನೇ ಇತ್ತು, ಏನೂ ವಾಸನಿ ಇದ್ದಿದ್ದಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಇವರು ಯಾಕ ಹಂಗ ಅಂದ್ರು ಅಂತ ನನಗೂ ತಿಳೀಲಿಲ್ಲ," ಎಂದ.

"ಖರೇ ಏನು?"

"ಖುದಾ ಕಸಂ."

ಅಣ್ಣ ಒಂದೇ ಸಲಕ್ಕೆ ನಂಬಿದ. ಅಲ್ಲೇ ಅವರ ಕೊಡದಿಂದ ನೀರು ಕೇಳಿ ಕುಡಿದ. ಹೆಸರು ಕೂಡ ಗೊತ್ತಿಲ್ಲದವನ ಮಾತು ಅವನಿಗೆ ಸಾಕಾಯಿತು. ನಾನು ಬಾಗಿಲಲ್ಲೇ ನಿಂತಿದ್ದೆ.

ಈಗ ಅವನು ವಿಹಾರದಲ್ಲಿ ಮತ್ತೆ ಮುಂದೆ ನಿಲ್ಲುತ್ತಾನೆ. ನನ್ನ ಜೊತೆ ಮೊದಲಿನಂತೆಯೇ ಮಾತಾಡುತ್ತಾನೆ. ಆದರೆ ನಾನು ಏನು ಹೇಳಿದರೂ ಒಮ್ಮೆ ತಾನೇ ನೋಡುತ್ತಾನೆ. ಬಸ್ಸು ಬಂತು ಅಣ್ಣಾ ಎಂದರೆ ಸ್ಟ್ಯಾಂಡಿನ ಬೆಂಚಿನಿಂದ ಎದ್ದು ಹೋಗಿ ಬೋರ್ಡು ಓದುತ್ತಾನೆ. ಸಿಟ್ಟಿನಿಂದಲ್ಲ. ತಿರುಗಿ ಬಂದು, "ಹೌದು, ಬಂದದ," ಎನ್ನುತ್ತಾನೆ.