ಕಾರ್ಡಿನ ಬಂಗಾರದಂಚು

ಡಬ್ಬದ ಮೇಲೆ ಅಚ್ಚಾದ ಸಂಖ್ಯೆಯನ್ನು ಅನುಮಾನಿಸದೆ ಮುಂದೆ ಹೋಗುವುದು ನನ್ನಿಂದಾಗದು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲುಗಳಲ್ಲಿ ಯಂತ್ರ ಬಿಚ್ಚಿ ಕಟ್ಟುತ್ತಲೇ ಆಯುಷ್ಯ ಸವೆಸಿ, ವಿದ್ಯೆಯನ್ನು ಹಳೆಯ ಪುಸ್ತಕಗಳಿಂದ ಹೆಕ್ಕಿಕೊಂಡವನು ನಾನು; ಯಂತ್ರದ ಹಣೆಗೆ ಹೊಡೆದ ಸಂಖ್ಯೆಯ ತಗಡು ಅದರ ಶಕ್ತಿಯನ್ನಲ್ಲ, ತಯಾರಕರ ಅಂಜಿಕೆಯನ್ನು ಸಾರುತ್ತದೆಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತಕ್ಕೆ ಆಹುತಿಯಾದ ಮೋಟಾರುಗಳ ವಿಷಯವನ್ನು ಓದುಗರು ದಯವಿಟ್ಟು ಕೇಳಬಾರದು.

ಮೊಮ್ಮಗಳು ಭಾಗ್ಯ ಮೊನ್ನೆ ಗ್ರಾಫಿಕ್ಸ್ ಕಾರ್ಡೊಂದನ್ನು ತರಿಸಿದಳು. ಕಂಪ್ಯೂಟರ್ ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆಯುವ ಯಂತ್ರ ಅದು. ಹಳೆಯದು ನಡುವೆ ತಡವರಿಸಿ ಕಳೆದ ಪಂದ್ಯದಲ್ಲಿ ಅವಳ ತಂಡ ಸೋತಿತ್ತು. ಭಾನುವಾರ ಮತ್ತೆ ತಡವರಿಸಿದರೆ ಅವಳ ಜಾಗಕ್ಕೆ ಬೇರೊಬ್ಬರು ಬರುವವರಿದ್ದರು. ಮುಚ್ಚಳ ತೆರೆದಾಗ ಕಪ್ಪು ಸ್ಪಂಜಿನ ಹಾಸಿಗೆಯಲ್ಲಿ ಮೂರು ಫ್ಯಾನು ಹೊತ್ತು ಮಲಗಿದ್ದ ಆ ವಸ್ತು ತೂಕದಲ್ಲಿ ಇಟ್ಟಿಗೆ, ನಯದಲ್ಲಿ ಒಡವೆ.

ನನ್ನ ಮಡದಿ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಹೊಸ ಸೀರೆಯ ಜರಿಯಂಚಿಗೆ ಕುಂಕುಮ ಹಚ್ಚದೆ ಉಟ್ಟವಳಲ್ಲ. ಕಾರ್ಡಿಗೂ, ಕಂಪ್ಯೂಟರಿನೊಳಗೆ ಸಿಕ್ಕಿಸುವ ಕಡೆ, ಬಂಗಾರದಂಚು ಇರುವುದನ್ನು ಕಂಡು, ನಾವು ಊಟಕ್ಕೆ ಕುಳಿತಾಗ ಶಾಸ್ತ್ರ ಮುಗಿಸಿಬಿಟ್ಟಳು. ಅವಸರದಲ್ಲಿ ಭಾಗ್ಯ ಅದನ್ನು ಗಮನಿಸದೆ ಕಾರ್ಡು ಕೂರಿಸಿದಳು. ಪರದೆ ಬೆಳಗಲಿಲ್ಲ. ಹೊರತೆಗೆದು ನೋಡಿದಳು.

“ಅಜ್ಜಿ, ಇಲ್ಲಿಗೆ ಕುಂಕುಮ ಇಟ್ಟಿದ್ದು ನೀನಾ?”

“ಅಂಚಿಗಲ್ದೆ ಬರೀ ಮೈಗೆ ಇಡ್ತಾರೇನೇ?”

“ಇದರ ಜೀವ ಎಲ್ಲಾ ಆ ಅಂಚಿನಾಗೇ ಐತೆ ಅಜ್ಜಿ.”

“ಹಂಗಾದ್ರೆ ಸರಿಯಾದ ಜಾಗಕ್ಕೇ ಇಟ್ಟೀನಿ ಬಿಡು.”

ಭಾಗ್ಯ ನಕ್ಕು, ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದಳು. ಪರದೆ ಬೆಳಗಿದ ಮೇಲೆಯೇ ಮಡದಿ ಅಲ್ಲಿಂದ ಎದ್ದದ್ದು.

ಆಮೇಲೆ ಓವರ್‌ಕ್ಲಾಕ್, ಎಂದರೆ ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿಸಿ ಓಡಿಸುವುದು. ಸುಟ್ಟೇಹೋಗುತ್ತದೆಂದು ಪೇಟೆಯ ಅಂಗಡಿಯವನು ಎಚ್ಚರಿಸಿದ್ದ. ಸುಟ್ಟದ್ದನ್ನು ನೋಡಿದ್ದೀಯೇನಪ್ಪ ಎಂದರೆ, “ಎಲ್ಲಾರೂ ಅಂತಾರೆ ಯಜಮಾನ್ರೇ” ಎಂದ. ಎಲ್ಲರೂ ಎಂಬ ಆ ಮಹಾನುಭಾವನ ಭೇಟಿ ನನಗೆ ಈವರೆಗೆ ಆಗಿಲ್ಲ.

ಭಾಗ್ಯಳ ಕ್ರಮ ನೋಡಿ ನಾನು ಬೆರಗಾದೆ. ವೇಗವನ್ನು ತುಸುವೇ ಏರಿಸುವಳು, ಭಾರವಾದ ದೃಶ್ಯವೊಂದನ್ನು ಓಡಿಸುವಳು, ಶಾಖವನ್ನು ನೋಡುವಳು, ಫ್ಯಾನಿನ ದನಿಗೆ ಕಿವಿಗೊಡುವಳು. ಒಂದು ಹಂತದಲ್ಲಿ ಪರದೆಯ ತುಂಬ ಬಣ್ಣದ ಚುಕ್ಕೆಗಳೆದ್ದವು. ತಕ್ಷಣ ವೇಗವನ್ನು ಇಳಿಸಿದಳು, ಅಗತ್ಯಕ್ಕಿಂತ ಇನ್ನೂ ಸ್ವಲ್ಪ ಕೆಳಕ್ಕೇ. “ಬೆಳಗಿನ ತಂಪಿನಾಗೆ ಓಡಿದ್ದು ಲೆಕ್ಕಕ್ಕಿಲ್ಲ ತಾತ” ಎಂದು, ನಡುಮಧ್ಯಾಹ್ನ ತಗಡಿನ ಮಾಡು ಕಾದಾಗ, ಬಾಗಿಲು ಮುಚ್ಚಿ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದಳು.

“ಇನ್ನೊಂಚೂರು ಏರ್ಸು” ಎಂದೆ.

“ಏರ್ತೈತೆ. ಆದ್ರೆ ಭಾನುವಾರ ಆಡೋದು ನಾನು, ನಿನ್ನ ಸಿದ್ಧಾಂತ ಅಲ್ಲ.”

ಭಾನುವಾರ ತಂಡ ಕೂದಲೆಳೆಯ ಅಂತರದಲ್ಲಿ ಸೋತಿತು. ಆದರೆ ಆ ಉರಿಬಿಸಿಲಿನಲ್ಲೂ ಕಾರ್ಡು ಒಮ್ಮೆಯೂ ತಡವರಿಸಲಿಲ್ಲ. ಸ್ಪೀಕರಿನೊಳಗಿಂದ ತಂಡದ ನಾಯಕನ ದನಿ, “ಮುಂದಿನ ಪಂದ್ಯಕ್ಕೂ ನೀನೇ ಬಾರವ್ವ” ಎಂದಿತು. ಭಾಗ್ಯ ಕುರ್ಚಿಗೊರಗಿ ಕಣ್ಣು ಮುಚ್ಚಿದಳು.

ಯಾವ ವೇಗಕ್ಕೆ ನಿಲ್ಲಿಸಿದ್ದೆ ಎಂದು ಆಮೇಲೆ ಕೇಳಿದೆ. ಹೇಳಿದಳು. ಯಾವ ಡಬ್ಬದ ಮೇಲೂ ಅಚ್ಚಾಗದ ಆ ಸಂಖ್ಯೆಯನ್ನು ನಾನು ಮರುಮಾತಿಲ್ಲದೆ ಒಪ್ಪಿಕೊಂಡೆ.