ಅತ್ತೆಯ ಗುನುಗು, ನಿದ್ದೆಹೋಗುವ ಸೌಂಡ್ ಕಾರ್ಡು

ನನ್ನ ಸೋದರತ್ತೆಯ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ದಪ್ಪದ ಗಂಟು ಬೆಳೆದಿತ್ತು. ಬೆಂಗಳೂರಿನ ಡಾಕ್ಟರು ಆಪರೇಷನ್ ಮಾಡಿ ತೆಗೆಯಬೇಕು ಎಂದರು. ಆಮೇಲೆ ಸ್ವಲ್ಪ ಕಾಲ ದನಿ ಒಡೆದಂತಿರುತ್ತದೆ, ಕೆಲವರಿಗೆ ಮೊದಲಿನಂತೆ ಆಗುವುದೂ ಇಲ್ಲ ಎಂದು ಮೊದಲೇ ತಿಳಿಸಿದರು. ಅತ್ತೆ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದು ನಿಂತಳು.

"ಅಂಗಾದ್ರೆ ಅಸೂನ ಯಾರು ಕರೀತಾರೆ ಕಣಮ್ಮಿ?"

ಕರೆಯುವುದು ಎಂದರೆ ಹೆಸರು ಹಿಡಿದು ಕೂಗುವುದೋ ಹಾಲು ಹಿಂಡುವುದೋ ಎಂದು ನಾನು ಕೇಳಲಿಲ್ಲ. ಆ ಹಸುವಿನ ಮಟ್ಟಿಗೆ ಎರಡೂ ಒಂದೇ ಆಗಿತ್ತು. ಆಂಧ್ರದ ಗಡಿಯ ಸಂತೆಯಿಂದ ತಂದ ಹಸು ಅದು. ಕ್ಯಾಸಂಬಳ್ಳಿಯ ಹತ್ತಿರದ ಅತ್ತೆಯ ಮನೆಗೆ ಬಂದ ಹೊಸದರಲ್ಲಿ ಕನ್ನಡದಲ್ಲಿ ಏನು ಹೇಳಿದರೂ ಕಿವಿಗೊಡುತ್ತಿರಲಿಲ್ಲವಂತೆ. ಅತ್ತೆ ಅದರ ಹೊಟ್ಟೆಗೆ ಹಣೆ ಆನಿಸಿ, "ರಾ ತಲ್ಲೀ, ನಾ ಬಂಗಾರು ತಲ್ಲೀ" ಎಂದು ತೆಲುಗಿನಲ್ಲಿ, ಬಾ ತಾಯೀ, ನನ್ನ ಚಿನ್ನದಂಥ ತಾಯೀ ಎನ್ನುವ ಅರ್ಥದಲ್ಲಿ, ಗುನುಗಿದ ಮೇಲೆಯೇ ಕೆಚ್ಚಲಿಗೆ ಹಾಲು ಇಳಿಯಿತಂತೆ. ಅಂದಿನಿಂದ ಅದೇ ಅಭ್ಯಾಸವಾಯಿತು. ಆ ಗುನುಗಿಗೆ ಹಸು ಅರೆಗಣ್ಣು ಮುಚ್ಚುತ್ತಿತ್ತು. ಮಾವ ಕೂತರೆ ಬಕೆಟ್ಟಿಗೆ ಒದೆಯುತ್ತಿತ್ತು.

ಗುನುಗನ್ನು ಫೋನಿನಲ್ಲಿ ಹಿಡಿದುಕೊಳ್ಳೋಣ ಎಂದು ಮಾವನೇ ಹೇಳಿದ. ಹಿಡಿದೂ ನೋಡಿದ. ಹಾಲಿನ ಧಾರೆ ಬಕೆಟ್ಟಿಗೆ ಬೀಳುವ ಸದ್ದು, ಕಾಗೆಯ ಕೂಗು, ದೂರದ ಟ್ರ್ಯಾಕ್ಟರು, ಎಲ್ಲವೂ ಅದರಲ್ಲಿ ಬಂದಿದ್ದವು. ಅತ್ತೆಯ ಗುನುಗು ಮಾತ್ರ ಬಾವಿಯ ತಳದಿಂದ ಬಂದ ಹಾಗೆ ಸವೆದುಹೋಗಿತ್ತು. ಫೋನು ಮಾತನ್ನಷ್ಟೇ ಉಳಿಸಿಕೊಂಡು, ಒಂದೇ ಸಮ ಕೇಳುವುದನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಹಸುವಿನ ಮುಂದೆ ಅದನ್ನು ಹಾಕಿದಾಗ ಅದು ತಲೆ ಕೂಡ ಎತ್ತದೆ ಹುಲ್ಲು ಮೇಯುತ್ತಿತ್ತು.

ನನ್ನ ಹತ್ತಿರ ಒಳ್ಳೆಯ ಮೈಕು ಇತ್ತು, ಲ್ಯಾಪ್‌ಟಾಪ್ ಇತ್ತು. ಬೇರೆಯವರು ಮಾತಾಡಿ ಕಳಿಸಿದ ರೆಕಾರ್ಡಿಂಗುಗಳನ್ನು ಕೇಳಿ ಟೈಪು ಮಾಡುವುದು ನನ್ನ ಕೆಲಸ. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿ ಕೆಲಸದವರ ಸಾಲುಮನೆಯಲ್ಲಿ ಬೆಳೆದವಳಾದ್ದರಿಂದ ಒಂದು ಗೋಡೆಯಿಂದ ತಮಿಳು, ಇನ್ನೊಂದರಿಂದ ತೆಲುಗು ಕೇಳಿಸುತ್ತಲೇ ಇರುತ್ತಿತ್ತು. ಆ ಕೆಲಸಕ್ಕೆ ಅದೇ ನನ್ನ ಓದು. ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ. ಬರುವಾಗಲೇ ಅದರಲ್ಲಿ ಲಿನಕ್ಸ್ ಎನ್ನುವ ಆಪರೇಟಿಂಗ್ ಸಿಸ್ಟಮ್ ಇತ್ತು. ಹೆಡ್‌ಫೋನ್ ಚುಚ್ಚುವ ತೂತು ಅದಕ್ಕಿರಲಿಲ್ಲ. ಪಕ್ಕದಲ್ಲಿ ಸಣ್ಣ ಯುಎಸ್‌ಬಿ ಗೂಡುಗಳಿದ್ದವು. ಬೆಂಕಿಪೊಟ್ಟಣದಷ್ಟು ಗಾತ್ರದ ಸೌಂಡ್ ಕಾರ್ಡನ್ನು ಒಂದು ಗೂಡಿಗೆ ತುರುಕಿದರೆ ಮೈಕು, ಹೆಡ್‌ಫೋನು ಎರಡೂ ಅದರಲ್ಲೇ ನಡೆಯುತ್ತಿದ್ದವು. ಮನೆಯಲ್ಲಿ ಅದು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಅದರಲ್ಲಿ ಗುನುಗು ಹಿಡಿಯಲೆಂದು ಒಂದು ಸಂಜೆ ಅತ್ತೆಯ ಮನೆಗೆ ಹೋಗಿ ಉಳಿದೆ. ಬೆಳಗಿನ ಜಾವ ಮಂಜು ಕೊಟ್ಟಿಗೆಯ ಒಳಗೂ ಬಂದು ನಿಂತಿತ್ತು. ಹಸುವಿನ ಬೆನ್ನಿನಿಂದ ಹಬೆ ಏಳುತ್ತಿತ್ತು. ಬೂಸಾ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹೆಡ್‌ಫೋನ್ ಹಾಕಿಕೊಂಡು ಕೂತೆ. ಅತ್ತೆ ಕೆಚ್ಚಲು ತೊಳೆದು, ಕಾಲಿಗೆ ಹಗ್ಗ ಕಟ್ಟಿ, ಹಣೆ ಆನಿಸಿದಳು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಅಲೆ ಏಳಬೇಕಾದ ಜಾಗದಲ್ಲಿ ಒಂದು ನೇರ ಗೆರೆ ಮೂಡುತ್ತ ಹೋಯಿತು. ಕಾರ್ಡನ್ನು ಕಿತ್ತು ಮತ್ತೆ ತುರುಕಿದಾಗ ಆ ಟಕ್ ಸದ್ದಿಗೆ ಹಸು ಬೆಚ್ಚಿತು, ಅತ್ತೆ ಗುನುಗು ನಿಲ್ಲಿಸಿದಳು. ಕಾರ್ಡು ಎದ್ದಿತೇನೋ ನಿಜ, ಆದರೆ ರೆಕಾರ್ಡು ಮಾಡುವ ಪ್ರೋಗ್ರಾಮನ್ನು ಮುಚ್ಚಿ ತೆರೆಯುವಷ್ಟರಲ್ಲಿ ಹಾಲು ಕರೆದು ಮುಗಿದಿತ್ತು.

ಮಂಜಿನ ತೇವ ಒಳಗೆ ಹೋಗಿರಬೇಕೆಂದುಕೊಂಡೆ. ಮನೆಗೆ ಬಂದು ಕಾರ್ಡಿನ ಬಾಯನ್ನು ಬಟ್ಟೆಯಿಂದ ಒರೆಸಿದೆ, ಗೂಡು ಬದಲಾಯಿಸಿದೆ, ಮೈಕಿನ ವೈರು ಬದಲಾಯಿಸಿದೆ. ದಿನವಿಡೀ ಕೆಲಸ ಮಾಡಿದರೂ ಚೆನ್ನಾಗಿಯೇ ಇತ್ತು. ಮತ್ತೆ ಕ್ಯಾಸಂಬಳ್ಳಿಯ ಬಸ್ಸು ಹತ್ತಿದೆ. ಈ ಸಲ ಮಂಜಿರಲಿಲ್ಲ, ಒಣ ಬೆಳಗು. ಆದರೂ ಅದೇ ನೇರ ಗೆರೆ. ಕಾರ್ಡನ್ನು ಕಿತ್ತರೆ ಹಸು ಮತ್ತೆ ಬೆಚ್ಚೀತೆಂದು ಹಾಗೆಯೇ ಬಿಟ್ಟೆ. ಅತ್ತೆ ನನಗೆ ಕಾಫಿ ಕೊಟ್ಟು, ಆ ಸಾಮಾನಿಗೆ ಕೊಟ್ಟಿಗೆ ಒಗ್ಗುವುದಿಲ್ಲವೇನೋ, ಬಿಟ್ಟುಬಿಡು ಎಂದಳು. ಅವಳ ದನಿ ಆಗಲೇ ತುಸು ಭಾರವಾದಂತೆ ನನಗೆ ಕೇಳಿಸಿತು. ನಿಜವಾಗಿ ಭಾರವಾಗಿತ್ತೋ, ನನ್ನ ಹೆದರಿಕೆಯೋ ತಿಳಿಯದು. ಆಪರೇಷನ್ನಿನ ದಿನ ಹತ್ತಿರವಾಗುತ್ತಿತ್ತು.

ಬೇತಮಂಗಲದ ಕೆರೆಯ ನೀರು ನಲ್ಲಿಗೆ ಬರುವ ಒಂದು ಮಧ್ಯಾಹ್ನ ಮನೆಯಲ್ಲಿ ಟೈಪು ಮಾಡುತ್ತ ಕೂತಿದ್ದೆ. ಕರೆಂಟು ಹೋಯಿತು. ಬ್ಯಾಟರಿ ಇದ್ದುದರಿಂದ ಕೆಲಸ ನಿಲ್ಲಲಿಲ್ಲ. ಅಷ್ಟರಲ್ಲಿ ನೀರು ಬಂತು. ರೆಕಾರ್ಡಿಂಗನ್ನು ನಿಲ್ಲಿಸಿ, ಬಿಂದಿಗೆಗಳನ್ನು ತುಂಬಿ, ಒದ್ದೆ ಕೈ ಒರೆಸಿಕೊಂಡು ಬಂದು ಹೆಡ್‌ಫೋನ್ ಹಾಕಿಕೊಂಡೆ. ಏನೂ ಇಲ್ಲ. ಸದ್ದು ನಿಂತದ್ದಷ್ಟೇ ಅಲ್ಲ. ಮಾತಿಲ್ಲದಾಗಲೂ ಆ ಕಾರ್ಡಿನಿಂದ ಬಹಳ ಸಣ್ಣದಾಗಿ ಸೊಂಯ್ ಎನ್ನುವ ಉಸಿರು ಬರುತ್ತಿತ್ತು, ವರ್ಷಗಳಿಂದ ಅದು ನನಗೆ ರೂಢಿಯಾಗಿತ್ತು. ಆ ಉಸಿರೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಕೂಡ ಕಿವಿ ಹೀಗೆಯೇ ಖಾಲಿಯಾಗಿತ್ತು ಎಂದು ಆಗ ಹೊಳೆಯಿತು. ಕೊಟ್ಟಿಗೆಯಲ್ಲಿ ಪ್ಲಗ್ಗು ಇಲ್ಲ. ಅಲ್ಲಿ ಎರಡು ಸಲವೂ ಬ್ಯಾಟರಿಯ ಮೇಲೆಯೇ ಕೂತಿದ್ದೆ.

ತೇವವೂ ಅಲ್ಲ, ದೂಳೂ ಅಲ್ಲ. ಆಜ್ಞೆ ಟೈಪು ಮಾಡುವ ಟರ್ಮಿನಲ್ ತೆರೆದು, ಲಿನಕ್ಸಿನ ತಿರುಳಾದ ಕರ್ನೆಲ್ಲು ಬರೆದಿಟ್ಟ ಸಾಲುಗಳನ್ನು ಓದಿದೆ. ಕಾರ್ಡನ್ನು ಮಲಗಿಸಲಾಗಿದೆ, ಎಬ್ಬಿಸಲು ಹೋದರೆ ಉತ್ತರ ಬರುತ್ತಿಲ್ಲ ಎನ್ನುವ ಅರ್ಥದ ಸಾಲುಗಳು ಒಂದರ ಕೆಳಗೊಂದು ಇದ್ದವು. ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ, ಬ್ಯಾಟರಿ ಉಳಿಸುವ ಪ್ರೋಗ್ರಾಮೊಂದು ಚಾರ್ಜರ್ ಇಲ್ಲದಾಗ ಸುಮ್ಮನಿರುವ ಸಾಮಾನುಗಳನ್ನೆಲ್ಲ ನಿದ್ದೆ ಮಾಡಿಸುತ್ತಿತ್ತು. ಮಿಕ್ಕವೆಲ್ಲ ಕರೆದರೆ ಏಳುತ್ತಿದ್ದವು. ಈ ಕಾರ್ಡಿಗೆ ಮಾತ್ರ ಏಳಲು ಬರುತ್ತಿರಲಿಲ್ಲ. ಅತ್ತೆ ಕೆಚ್ಚಲು ತೊಳೆಯುವಷ್ಟು ಹೊತ್ತು ನಾವು ಸುಮ್ಮನೆ ಕಾಯುತ್ತಿದ್ದೆವಲ್ಲ, ಆಗಲೇ ಅದು ಮಲಗಿಬಿಡುತ್ತಿತ್ತು.

ಫೋನಿನ ನೆಟ್ಟು ಹಾಕಿಕೊಂಡು ಹುಡುಕಿದೆ. ಯಾವ್ಯಾವುದೋ ದೇಶದವರು ಇದೇ ದೂರು ಬರೆದಿದ್ದರು. ಆ ಕಾರ್ಡಿನ ಗುರುತಿನ ಸಂಖ್ಯೆಯನ್ನು ಬ್ಯಾಟರಿ ಉಳಿಸುವ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ಬರೆದು, ಇದೊಂದನ್ನು ಮುಟ್ಟಬೇಡ ಎಂದು ಹೇಳಿದರೆ ಸಾಕು ಎಂದು ಒಬ್ಬರು ವಿವರಿಸಿದ್ದರು. ಹಾಗೆಯೇ ಮಾಡಿ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಕರೆಂಟು ಇನ್ನೂ ಬಂದಿರಲಿಲ್ಲ.

ಆಮೇಲೆ ಮಾಡುವುದೇನೂ ಇರಲಿಲ್ಲ, ಕಾಯುವುದಷ್ಟೇ. ಹೆಡ್‌ಫೋನ್ ಹಾಕಿಕೊಂಡು ಏನನ್ನೂ ಹಚ್ಚದೆ ಕೂತೆ. ಕಿಟಕಿಯಾಚೆ, ಚಿನ್ನ ತೆಗೆದು ಉಳಿದ ಗಣಿಮಣ್ಣಿನ ಸೈನೈಡ್ ದಿಬ್ಬ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಗಾಳಿ ಬೀಸಿದಾಗ ಅದರ ತಲೆಯಿಂದ ಮರಳು ಹೊಗೆಯ ಹಾಗೆ ಏಳುತ್ತಿತ್ತು, ಸದ್ದಿಲ್ಲದೆ. ಕಿವಿಯಲ್ಲಿ ಆ ಸಣ್ಣ ಉಸಿರು ಇತ್ತು. ಈಗ ಹೋಗುತ್ತದೆ, ಈಗ ಹೋಗುತ್ತದೆ ಎಂದುಕೊಳ್ಳುತ್ತ ಕೂತೆ. ಹೋಗಲಿಲ್ಲ. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವವರಂತೆ ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ನನಗೇ ತೂಕಡಿಕೆ ಬಂದಿರಬೇಕು. ಕಣ್ಣು ಬಿಟ್ಟಾಗ ದಿಬ್ಬದ ನೆರಳು ನಮ್ಮ ಸಾಲಿನ ತನಕ ಬಂದಿತ್ತು, ಕಿವಿಯಲ್ಲಿ ಅದು ಇನ್ನೂ ಉಸಿರಾಡುತ್ತಿತ್ತು.

ಮೂರನೆಯ ಸಲ ಕೊಟ್ಟಿಗೆಗೆ ಹೋದಾಗ ಅತ್ತೆಗೆ ನಂಬಿಕೆ ಉಳಿದಿರಲಿಲ್ಲ. ನನ್ನ ಸಂತೋಷಕ್ಕೆಂದು ಗುನುಗಿದಳು. ಪರದೆಯಲ್ಲಿ ಗೆರೆ ಮೆಲ್ಲಗೆ ಉಬ್ಬಿ, ಇಳಿದು, ಮತ್ತೆ ಉಬ್ಬಿತು. ಮೈಕಿನ ಮೂಲಕ ಕೇಳಿದಾಗ ಆ ಗುನುಗು ನಾನು ಇಷ್ಟು ದಿನ ಕೇಳಿದ್ದಕ್ಕಿಂತ ಬೇರೆಯೇ ಇತ್ತು. ಅವಳ ಉಸಿರು, ಹಸುವಿನ ಉಸಿರು, ಹೊಟ್ಟೆಯೊಳಗೆ ಎಲ್ಲೋ ನೀರು ಹೊರಳಿದ ಸದ್ದು, ಎಲ್ಲವೂ ಒಂದರೊಳಗೊಂದು ಕರಗಿ, ನಾನೂ ಆ ಹೊಟ್ಟೆಗೆ ಹಣೆ ಇಟ್ಟುಕೊಂಡಿದ್ದೇನೆ ಅನ್ನಿಸಿತು. ಬಕೆಟ್ಟು ತುಂಬಿ ಅತ್ತೆ ಎದ್ದುನಿಂತ ಮೇಲೂ ನಿಲ್ಲಿಸುವ ಗುಂಡಿ ಒತ್ತಲು ಮರೆತೆ.

ಬಂಗಾರಪೇಟೆಯಿಂದ ರೈಲು ಹತ್ತಿ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದೆ. ದಾರಿಯಲ್ಲಿ ಅವಳಿಗೆ ಅದನ್ನು ಕೇಳಿಸಿದೆ. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ಕಿಟಕಿಯಾಚೆ ಓಡುವ ಹೊಲಗಳನ್ನು ನೋಡುತ್ತ ಕೇಳಿದಳು.

"ನಮ್ಮವ್ವ ಇಂಗೇ ಅಂತಿದ್ಲು," ಎಂದಳು. "ನನ್ ಗಂಟ್ಲಲ್ಲಿ ಅವಳು ಇದ್ದದ್ದು ಗೊತ್ತೇ ಇರ್ಲಿಲ್ಲ."

ಆಪರೇಷನ್ನಿನ ಮಾರನೆಯ ಬೆಳಿಗ್ಗೆ ಮಾವ ಫೋನು ಮಾಡಿದ. ಕೊಟ್ಟಿಗೆಯ ಗೋಡೆಯಲ್ಲಿ ಹಗ್ಗ ತೂಗುವ ಗೂಟಕ್ಕೆ ಸಣ್ಣ ಸ್ಪೀಕರು ತೂಗುಹಾಕಿ ನಾನು ಕೊಟ್ಟುಬಂದಿದ್ದ ಗುನುಗನ್ನು ಹಚ್ಚಿ ಹಾಲು ಕರೆಯಲು ಕೂತನಂತೆ. ಹಸು ಸ್ಪೀಕರಿನ ಕಡೆ ನೋಡಲಿಲ್ಲವಂತೆ, ಬಾಗಿಲಿನ ಕಡೆಯೇ ನೋಡುತ್ತ ನಿಂತು, ಕೊನೆಗೆ ಹಾಲು ಇಳಿಸಿತಂತೆ. ಅತ್ತೆಗೆ ಮಾತಾಡುವ ಹಾಗಿರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಹೊದಿಕೆಯ ಮೇಲೆ ಬೆರಳು ಆಡಿಸಿದಳು, ಹಾಲು ಹಿಂಡುವ ಹಾಗೆ.

ಅವಳ ದನಿ ಮರಳಿತು, ಆದರೆ ಕೆಳಗಿಳಿದು, ಸ್ವಲ್ಪ ಒರಟಾಗಿ. ಆ ದನಿಗೆ ಹಸು ಮೊದಲ ದಿನ ಕಿವಿ ಹಿಂದಕ್ಕೆ ಮಡಿಸಿಕೊಂಡಿತು. ಅದಕ್ಕೆ ಮಾವ ಸ್ಪೀಕರನ್ನೂ ಹಚ್ಚಿದ. ಹಳೆಯ ದನಿಯ ಜೊತೆಗೆ ಹೊಸ ದನಿಯಲ್ಲಿ ಅತ್ತೆ ಗುನುಗಿದಳು. ದಿನ ಕಳೆದಂತೆ ಅವನು ಸ್ಪೀಕರಿನ ಸದ್ದನ್ನು ತಗ್ಗಿಸುತ್ತ ಬಂದ. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗ ಸ್ಪೀಕರಿನ ದೀಪವೇ ಉರಿಯುತ್ತಿರಲಿಲ್ಲ. ಚಾರ್ಜು ಮುಗಿದಿತ್ತು, ಯಾರೂ ಗಮನಿಸಿರಲಿಲ್ಲ. ಅತ್ತೆ ಹಣೆ ಆನಿಸಿ ಒರಟು ದನಿಯಲ್ಲಿ ಗುನುಗುತ್ತಿದ್ದಳು, ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು. ನಾನು ಹೇಳಿದಾಗ ಅವಳು ತಲೆಯೆತ್ತಿ ಸ್ಪೀಕರನ್ನು ನೋಡಿ, ಅದನ್ನು ಒಳಗಿಟ್ಟುಬಿಡು, ಗೂಟ ಹಗ್ಗಕ್ಕೆ ಬೇಕು ಎಂದಳು.